ಏರು-ತಗ್ಗಿನ ನೆಲದಲ್ಲಿ ಟ್ರ್ಯಾಕ್ಟರ್ ಜಾರದಂತೆ, ಬ್ರೇಕ್ ಹಿಡಿಯುವಂತೆ ಮಾಡುವ ಸಮಗ್ರ ಮಾರ್ಗದರ್ಶಿ

"ಬ್ರೇಕ್ ಹಿಡೀವಲ್ದು ನೋಡ್ರಿ" ಎಂದು ಮಿಸ್ತ್ರಿ ಹತ್ತಿರ ಬರುವ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಗಾಡಿಗಳ ಬ್ರೇಕ್ ಚಲೋನೇ ಇರುತ್ತದೆ. ಮಿಸ್ತ್ರಿ ಬ್ರೇಕ್ ರಾಡ್ ಇನ್ನೊಂದು ಸುತ್ತು ಬಿಗಿ ಮಾಡಿ ಕಳಿಸುತ್ತಾನೆ. ವಾರ ಕಳೆಯುವುದರೊಳಗೆ ಅದೇ ದೂರು ಮತ್ತೆ ಬರುತ್ತದೆ. ಬ್ರೇಕ್ ತಡೆಯುವುದು ಗಾಲಿಯನ್ನು. ಗಾಡಿ ನಿಲ್ಲಬೇಕಾದರೆ ಗಾಲಿಗೂ ನೆಲಕ್ಕೂ ಹಿಡಿತ ಬೇಕು. ಆ ಹಿಡಿತ ಇಲ್ಲದ ಕಡೆ ಬ್ರೇಕ್ ಒತ್ತಿದರೆ ಗಾಲಿ ಗಕ್ಕನೆ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಹೋಗುತ್ತದೆ.

ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಮೊದಲು ನೆಲ, ಆಮೇಲೆ ಟೈರು, ತೂಕ, ಕೊಂಡಿ. ಇವಿಷ್ಟು ಸರಿಯಾದ ಮೇಲೆ ಬ್ರೇಕಿಗೆ ಕೈ ಹಾಕಿ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಬ್ರೇಕನ್ನು ಅತಿಯಾಗಿ ಬಿಗಿ ಮಾಡಿಸಿ, ಅದು ಸದಾ ಉಜ್ಜಿ ಕಾದು, ಕೊನೆಗೆ ನಿಜವಾಗಿಯೂ ಹಾಳಾಗುತ್ತದೆ.

ಬೇಕಾಗುವ ಸಾಮಾನು

ಹವಾ ಗೇಜ್ ನಿಮ್ಮದೇ ಇರಲಿ. ಪಂಕ್ಚರ್ ಅಂಗಡಿಯ ಗೇಜ್ ಕಾರು-ಲಾರಿ ಟೈರಿಗೆ ಸರಿ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಹವಾ ಬಹಳ ಕಡಿಮೆ ಇರುವುದರಿಂದ 10-20 ಪಿಎಸ್‌ಐ (ಹವಾ ಒತ್ತಡದ ಅಳತೆ) ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುವ ಗೇಜ್ ಬೇಕು. ಅದರ ಜೊತೆ ಪಾನಾ ಸೆಟ್, ಗಾಡಿಯ ತೂಕ ತಡೆಯುವ ಜಾಕ್, ಜಾಕ್ ಪಕ್ಕಕ್ಕೆ ಇಡಲು ಗಟ್ಟಿ ಮರದ ದಿಮ್ಮಿಗಳು, ಗಾಲಿಗೆ ಒಡ್ಡಲು ನಾಲ್ಕು ಮರದ ಬೆಣೆ, ಅಳತೆ ಟೇಪು, ಒಂದು ಸ್ಕೇಲು, ಸೀಮೆಸುಣ್ಣ. ಗಾಡಿ ಕೊಂಡಾಗ ಕೊಟ್ಟ ಮ್ಯಾನುಯಲ್ ಹುಡುಕಿ ಇಟ್ಟುಕೊಳ್ಳಿ. ಮುಂದೆ ಕೊಟ್ಟಿರುವ ಅಂಕಿಗಳು ಸಾಮಾನ್ಯ ಅಂದಾಜು. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಹಂತ 1: ನೆಲ ಯಾವುದು, ಹದ ಎಷ್ಟು ನೋಡಿ

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ನೆಲ ಒಂದೇ ತರಹ ಇಲ್ಲ. ಕಲಬುರಗಿಯ ತೊಗರಿ ಹೊಲಗಳು ಬಹುಪಾಲು ಎರೆ ನೆಲ, ಅಂದರೆ ಜಿಗುಟು ಕಪ್ಪು ಮಣ್ಣು. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಬೀದರಿನ ಮೇಲ್ಭಾಗದಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಮುರುಂ (ಕಲ್ಲುಹರಳಿನ ಗಟ್ಟಿ ಮಣ್ಣು). ಅಲ್ಲಿಂದ ಮಾಂಜ್ರಾ ನದಿ ಕಡೆಗೆ ಇಳಿಯುವ ದಾರಿಗಳು ಜಾರು. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆ ಕಲ್ಲುಗುಡ್ಡದ ಬುಡದ ಹೊಲಗಳೂ ಇವೆ, ಕೃಷ್ಣೆಯ ಕಾಲುವೆ ನೀರಿನ ಭತ್ತದ ಗದ್ದೆಗಳೂ ಇವೆ. ಒಂದು ಕಡೆ ಚೆನ್ನಾಗಿ ಹೊಂದಿದ ಗಾಡಿ ಇನ್ನೊಂದು ಕಡೆ ಹಾಗೇ ನಡೆಯುತ್ತದೆ ಎಂದು ನಂಬಬೇಡಿ.

ಎರೆ ಹೊಲಕ್ಕೆ ಗಾಡಿ ಇಳಿಸುವ ಮೊದಲು ನಾಲ್ಕೈದು ಇಂಚು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಉಂಡೆಯನ್ನು ಸೊಂಟದ ಎತ್ತರದಿಂದ ಬಿಡಿ. ಬಿದ್ದು ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡರೆ, ಅಥವಾ ಬೆರಳ ನಡುವೆ ತಿಕ್ಕಿದಾಗ ಉದ್ದನೆ ಪಟ್ಟಿಯಾಗಿ ಹೊರಬಂದರೆ, ಆ ದಿನ ಬೇಡ. ಮೇಲ್ಮೈ ಒಣಗಿದಂತೆ ಕಂಡರೂ ಅಡಿಯಲ್ಲಿ ಹಸಿ ಇರುತ್ತದೆ, ಅದಕ್ಕೇ ಆಳದ ಮಣ್ಣನ್ನು ನೋಡಬೇಕು.

ಎಲ್ಲಕ್ಕಿಂತ ಅಪಾಯದ ನೆಲ ಇದಕ್ಕೆ ತದ್ವಿರುದ್ಧ: ಅಡಿಯಲ್ಲಿ ಗಟ್ಟಿ, ಮೇಲೆ ಮಾತ್ರ ತೆಳುವಾಗಿ ಒದ್ದೆ. ಮೊದಲ ಮಳೆ ಬಿದ್ದ ಹೊಲದ ದಾರಿ, ಕೆಸರು ಬಿದ್ದ ಡಾಂಬರು, ನೀರು ಹರಿದ ಫರಸಿ ಕಲ್ಲಿನ ಹಾಸು. ಆಳದ ಕೆಸರಿನಲ್ಲಿ ಗಾಡಿ ಹೂತು ತಾನೇ ನಿಲ್ಲುತ್ತದೆ. ಇಲ್ಲಿ ಗಾಲಿ ಉರುಳಲು ಯಾವ ತಡೆಯೂ ಇರುವುದಿಲ್ಲ, ಹಿಡಿತವೂ ಇರುವುದಿಲ್ಲ. ಇಳಿಜಾರಿನಲ್ಲಿ ಇಂಥ ಜಾಗ ಇದ್ದರೆ ಕೆಳಗಿಳಿದು ಒಮ್ಮೆ ನಡೆದು ನೋಡಿ. ನಿಮ್ಮ ಕಾಲೇ ಜಾರುವ ಕಡೆ ತುಂಬಿದ ಟ್ರೇಲರ್ ಇಳಿಸಬಾರದು.

ಹಂತ 2: ಟೈರು

ಮೊದಲು ಹಲ್ಲು ನೋಡಿ. ಹಿಂದಿನ ಟೈರಿನ ಹಲ್ಲಿನ ಎತ್ತರವನ್ನು ಟೈರಿನ ಮಧ್ಯಭಾಗದಲ್ಲಿ ಸ್ಕೇಲಿನಿಂದ ಅಳೆಯಿರಿ. ಅಂಚಿನಲ್ಲಿ ಹಲ್ಲು ಚೆನ್ನಾಗಿದ್ದು ಮಧ್ಯದಲ್ಲಿ ಸವೆದಿದ್ದರೆ ಬಹಳ ದಿನ ಹವಾ ಹೆಚ್ಚು ಹಾಕಿ ರಸ್ತೆಯಲ್ಲಿ ಓಡಿಸಿದ್ದೀರಿ ಎಂದರ್ಥ. ಎಡ-ಬಲ ಟೈರುಗಳ ಸವೆತದಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಬ್ರೇಕಿನ ದೋಷವೆಂದು ತಿಳಿದು ರಾಡ್ ತಿರುಗಿಸುವವರೇ ಹೆಚ್ಚು.

ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ. ಪಂಕ್ಚರ್ ಹಾಕಿಸಿದಾಗ, ಗಾಲಿಯ ಅಗಲ ಬದಲಿಸಲು ಎಡದ್ದನ್ನು ಬಲಕ್ಕೆ ಹಾಕಿದಾಗ, ಬಾಣ ಹಿಂದುಮುಂದಾಗಿ ಕೂತಿರುವುದು ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ. ದಿಕ್ಕು ತಪ್ಪಿದ ಟೈರು ಮಣ್ಣನ್ನು ಹೊರಗೆ ತಳ್ಳುವ ಬದಲು ಒಳಗೆ ತುಂಬಿಕೊಳ್ಳುತ್ತದೆ. ಎರೆ ಮಣ್ಣು ಹಲ್ಲಿನ ಸಂದಿ ತುಂಬಿದ ಮೇಲೆ ಆ ಟೈರು ಚಪಾತಿ ಲಟ್ಟಣಿಗೆಯಂತೆ ನುಣ್ಣಗಾಗುತ್ತದೆ. ಹೊಸ ಟೈರು ಹಾಕಿಸಿದರೂ ಫರಕು ಕಾಣುವುದಿಲ್ಲ.

ಆಮೇಲೆ ಹವಾ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿರುವಾಗ ಅಳೆಯಿರಿ. 13.6-28 ಅಥವಾ 14.9-28 ಅಳತೆಯ ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12-14 ಪಿಎಸ್‌ಐ ಸಾಕು. ಟ್ರೇಲರ್ ಎಳೆಯುವಾಗ 16-18ರ ಸುತ್ತ ಬೇಕು. 6.00-16ರಂಥ ಮುಂದಿನ ಟೈರಿಗೆ 28-30. ಎರಡೂ ಹಿಂದಿನ ಟೈರುಗಳಲ್ಲಿ ಹವಾ ಒಂದೇ ಸಮ ಇರಬೇಕು. ಒಂದರಲ್ಲಿ ಕಡಿಮೆ ಇದ್ದರೆ ಓರೆ ನೆಲದಲ್ಲಿ ಗಾಡಿ ಆ ಕಡೆಗೆ ಇನ್ನಷ್ಟು ವಾಲುತ್ತದೆ.

ಹವಾ ಹೆಚ್ಚಿದ್ದರೆ ಟೈರು ಗಟ್ಟಿಯಾಗಿ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ, ಹೆಂಟೆ ಮೇಲೆ ಪುಟಿಯುತ್ತದೆ. ಪುಟಿದ ಕ್ಷಣದಲ್ಲಿ ಬ್ರೇಕಿಗೆ ಯಾವ ಕೆಲಸವೂ ಇಲ್ಲ. ಹಾಗೆಂದು ತೀರಾ ಇಳಿಸಲೂ ಬಾರದು. ತೊಗರಿ ಕೊಯ್ದ ಹೊಲದಲ್ಲಿ ಒಣಗಿದ ಮೋಟುಗಳು ಚೂಪಾಗಿ ನಿಂತಿರುತ್ತವೆ, ಮೆತ್ತಗಾದ ಟೈರಿನ ಪಕ್ಕಕ್ಕೆ ಅವೇ ಚುಚ್ಚುವುದು. ಹವಾ ತೀರಾ ಕಡಿಮೆಯಾದರೆ ಭಾರ ಬಿದ್ದಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ ಕಿತ್ತುಬರುವುದೂ ಉಂಟು.

ಇನ್ನೊಂದು ತಪ್ಪು ಬೇಸಿಗೆಯದು. 40 ಡಿಗ್ರಿ ದಾಟಿದ ಮಧ್ಯಾಹ್ನ ಗೇಜ್ ಹಾಕಿ, ಒತ್ತಡ ಹೆಚ್ಚಾಗಿದೆ ಎಂದು ಹವಾ ಬಿಡುತ್ತಾರೆ. ಅದು ಬಿಸಿಗೆ ಏರಿದ ಒತ್ತಡ. ಸಂಜೆ ತಣ್ಣಗಾದ ಮೇಲೆ ಟೈರು ಬೇಕಾದುದಕ್ಕಿಂತ ಮೆತ್ತಗಾಗಿರುತ್ತದೆ.

ಹಂತ 3: ತೂಕ ಎಲ್ಲಿ ಕೂತಿದೆ ಎಂದು ಕಾಟಾದಲ್ಲಿ ನೋಡಿ

ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ, ಫಲ ಮಾತ್ರ ಇದರಲ್ಲೇ ಹೆಚ್ಚು. ದಾಲ್ ಮಿಲ್ಲು, ಸಕ್ಕರೆ ಕಾರ್ಖಾನೆ, ಎಪಿಎಂಸಿ ಸುತ್ತಮುತ್ತ ಲಾರಿ ತೂಗುವ ಕಾಟಾ ಇದ್ದೇ ಇರುತ್ತದೆ. ನೀವು ದಿನಾ ಬಳಸುವ ನೇಗಿಲು ಅಥವಾ ರೊಟಾವೇಟರ್ ಹಾಕಿಕೊಂಡು, ಅದನ್ನು ಎತ್ತಿ ಹಿಡಿದು ಹೋಗಿ. ಮೊದಲು ಮುಂದಿನ ಗಾಲಿಗಳನ್ನು ಮಾತ್ರ ಕಾಟಾ ಮೇಲೆ ಹತ್ತಿಸಿ ತೂಕ ಬರೆದುಕೊಳ್ಳಿ. ಆಮೇಲೆ ಇಡೀ ಗಾಡಿ ಹತ್ತಿಸಿ ಬರೆದುಕೊಳ್ಳಿ.

ಮುಂದಿನ ಗಾಲಿಗಳ ಮೇಲೆ ಒಟ್ಟು ತೂಕದ ಐದರಲ್ಲೊಂದು ಪಾಲಾದರೂ ಇರಬೇಕು. ಒಟ್ಟು 2500 ಕಿಲೋ ಬಂದರೆ ಮುಂದೆ 500 ಕಿಲೋಗಿಂತ ಕಡಿಮೆ ಇರಕೂಡದು. ಕಡಿಮೆ ಇದ್ದರೆ ಏರು ಹತ್ತುವಾಗ ಸ್ಟೇರಿಂಗ್ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇದಕ್ಕೆ ಪರಿಹಾರ ಮುಂದೆ ಬೋಲ್ಟ್ ಮಾಡುವ ಕಬ್ಬಿಣದ ತೂಕದ ಫಲಕಗಳು. ಬಂಪರ್ ಮೇಲೆ ಕಲ್ಲು ಕಟ್ಟುವುದು, ಮರಳಿನ ಚೀಲ ಹೇರುವುದು ಬೇಡ. ಕುಲುಕಾಟಕ್ಕೆ ಜಾರಿ ಮುಂದಿನ ಗಾಲಿ ಕೆಳಗೇ ಬೀಳುತ್ತವೆ.

ಹಿಂದಿನ ಗಾಲಿಗೆ ತೂಕ ಬೇಕಾದರೆ ಟೈರಿಗೆ ನೀರು ತುಂಬಿಸುವುದು ಅಗ್ಗದ ದಾರಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಶುದ್ಧ ನೀರೇ ಸಾಕು. ಕ್ರಮ ಹೀಗಿದೆ:

1. ಗಾಡಿಯನ್ನು ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಬೆಣೆ ಕೊಡಿ. ಜಾಕಿನಿಂದ ಆ ಗಾಲಿಯನ್ನು ನೆಲ ಬಿಡುವಷ್ಟು ಎತ್ತಿ ಆಕ್ಸಲ್ ಕೆಳಗೆ ದಿಮ್ಮಿ ಇಡಿ.
2. ವಾಲ್ ನೆತ್ತಿಗೆ ಬರುವಂತೆ ಗಾಲಿ ತಿರುಗಿಸಿ, ಒಳಗಿನ ಪಿನ್ ಬಿಚ್ಚಿ ಹವಾ ಪೂರ್ತಿ ಬಿಡಿ.
3. ನೀರು ತುಂಬಿಸುವ ನಳಿಕೆ ಹಾಕಿ ನಿಧಾನವಾಗಿ ತುಂಬಿ. ಒಳಗಿನ ಹವಾ ಹೊರಬರಲು ಆಗಾಗ ನಳಿಕೆ ತೆಗೆಯಬೇಕು.
4. ವಾಲ್‌ನಿಂದ ನೀರು ಹೊರ ಹರಿಯತೊಡಗಿದರೆ ಟೈರು ಮುಕ್ಕಾಲು ತುಂಬಿದೆ ಎಂದು ಅರ್ಥ. ಅಲ್ಲಿಗೆ ನಿಲ್ಲಿಸಿ. ಉಳಿದ ಕಾಲುಭಾಗ ಹವಾಕ್ಕೇ ಬಿಡಬೇಕು, ಪೂರ್ತಿ ತುಂಬಿದರೆ ಟೈರಿಗೆ ಬಾಗುವ ಗುಣವೇ ಹೋಗುತ್ತದೆ.
5. ಪಿನ್ ಹಾಕಿ ಹವಾ ತುಂಬಿ. ಇನ್ನು ಮುಂದೆ ಯಾವಾಗಲೂ ವಾಲ್ ನೆತ್ತಿಯಲ್ಲಿರುವಾಗಲೇ ಗೇಜ್ ಹಾಕಿ, ಕೆಳಗಿದ್ದರೆ ಗೇಜಿಗೆ ನೀರು ನುಗ್ಗುತ್ತದೆ.

13.6-28 ಟೈರಿಗೆ ಈ ಲೆಕ್ಕದಲ್ಲಿ 190 ಲೀಟರ್ ಆಸುಪಾಸು ಹಿಡಿಯುತ್ತದೆ, ಅಂದರೆ ಒಂದೊಂದು ಗಾಲಿಗೆ ಸುಮಾರು 190 ಕಿಲೋ ಹೆಚ್ಚುವರಿ ಭಾರ. ಎರಡೂ ಗಾಲಿಗೆ ಸಮನಾಗಿ ತುಂಬಿ.

ಮುರುಂ ನೆಲದಲ್ಲಿ, ಗಟ್ಟಿ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಈ ಭಾರ ಹಿಡಿತ ಕೊಡುತ್ತದೆ. ಹಸಿ ಎರೆ ನೆಲದಲ್ಲಿ ಮಾತ್ರ ತೂಕ ಹೆಚ್ಚಿಸಿದಷ್ಟೂ ಗಾಡಿ ಇಳಿಯುತ್ತದೆ, ಅಡಿಮಣ್ಣು ಒತ್ತಿ ಕಲ್ಲಾಗುತ್ತದೆ. ಅಲ್ಲಿ ಹದಕ್ಕೆ ಕಾಯುವುದೇ ಸರಿ. ಭತ್ತದ ಗದ್ದೆಗೆ ಕಬ್ಬಿಣದ ಕೇಜ್ ಗಾಲಿ ಇದೆ. ಅದನ್ನು ಹಾಕಿಕೊಂಡೇ ರಸ್ತೆಗೆ ಬರಬೇಡಿ. ರಸ್ತೆಯೂ ಹಾಳು, ಕಬ್ಬಿಣ ಡಾಂಬರಿನ ಮೇಲೆ ಬ್ರೇಕಿಗೆ ನಿಲ್ಲುವುದೂ ಇಲ್ಲ.

ತೂಕ ಸರಿಯಾಗಿದೆಯೇ ಎಂದು ಹೊಲದಲ್ಲೇ ಅಳೆಯಬಹುದು. ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದ ಗುರುತು ಹಾಕಿ. ನೇಗಿಲು ಎತ್ತಿಕೊಂಡು ಗಾಲಿ 10 ಸುತ್ತು ತಿರುಗಿದಾಗ ಎಷ್ಟು ದೂರ ಹೋಯಿತು ಎಂದು ಟೇಪಿನಿಂದ ಅಳೆಯಿರಿ. ಆಮೇಲೆ ಅದೇ ಹೊಲದಲ್ಲಿ ನೇಗಿಲು ಇಳಿಸಿ ಉಳುತ್ತಾ 10 ಸುತ್ತು ಅಳೆಯಿರಿ. ಬರಿದೇ 40 ಮೀಟರ್, ಉಳುವಾಗ 35 ಮೀಟರ್ ಬಂದರೆ 5 ಮೀಟರ್ ಜಾರಿಕೆಗೆ ಹೋಯಿತು, ಅಂದರೆ ಶೇ. 12.5. ಎರಡು ಗಾಲಿ ಎಳೆಯುವ ಗಾಡಿಗೆ ಶೇ. 8ರಿಂದ 15ರ ಒಳಗೆ ಇದ್ದರೆ ಸರಿ. 15 ದಾಟಿದರೆ ಡೀಸೆಲ್ಲೂ ಟೈರೂ ಸುಮ್ಮನೆ ಸವೆಯುತ್ತವೆ: ಆಳ ಕಡಿಮೆ ಮಾಡಿ, ಇಲ್ಲವೇ ತೂಕ ಕೂಡಿಸಿ. 8ಕ್ಕಿಂತ ಕಡಿಮೆ ಇದ್ದರೆ ಬೇಡದ ಭಾರ ಹೊತ್ತು ತಿರುಗುತ್ತಿದ್ದೀರಿ.

ಹಂತ 4: ಕೊಂಡಿ ಮತ್ತು ಟ್ರೇಲರ್

ಭಾರ ಎಳೆಯುವ ಯಾವುದೇ ಕೆಲಸಕ್ಕೂ ಗಾಡಿಯ ಹಿಂದೆ ಕೆಳಗಿರುವ ಕೊಂಡಿಯನ್ನೇ ಬಳಸಿ. ಹಿಂದಿನ ಆಕ್ಸಲ್‌ಗಿಂತ ಮೇಲೆ, ಟಾಪ್ ಲಿಂಕ್ (ಉಪಕರಣದ ಮೇಲ್ತುದಿ ಹಿಡಿಯುವ ರಾಡ್) ಕೂರುವ ಜಾಗಕ್ಕೆ, ಸರಪಳಿ ಕಟ್ಟಿ ಎಳೆಯಬೇಡಿ. ಎಳೆತ ಆಕ್ಸಲ್‌ಗಿಂತ ಮೇಲಿದ್ದರೆ ಮುಂಭಾಗ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಮುಂಗಾಲಿ ಎದ್ದದ್ದರಿಂದ ಹಿಡಿದು ತಡೆಯಲಾಗದ ಹಂತಕ್ಕೆ ಹೋಗಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ಚಾಲಕ ಕ್ಲಚ್ ಒತ್ತುವ ಮೊದಲೇ ಮುಗಿದಿರುತ್ತದೆ. ಹೊಲದ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ನನಗೆ ಕಾಣುವುದಿಲ್ಲ.

ಎರಡು ಗಾಲಿಯ ಟ್ರೇಲರಿನಲ್ಲಿ ಹೇರು ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಹೆಚ್ಚು ಭಾರ ಇರಲಿ. ಹಿಂದೆ ಹೆಚ್ಚಾದರೆ ಕೊಂಡಿ ಮೇಲಕ್ಕೆ ಎತ್ತಿ ಗಾಡಿಯ ಹಿಂಗಾಲಿ ಹಗುರಾಗುತ್ತದೆ, ಬ್ರೇಕ್ ಒತ್ತಿದ ಕೂಡಲೇ ಜಾರುತ್ತದೆ. ಕಬ್ಬು ಹಿಂದಕ್ಕೆ ಚಾಚಿ ಹೇರಿದ ಟ್ರೇಲರ್ ಇಳಿಜಾರಿನಲ್ಲಿ ಗಾಡಿಯ ಮಾತು ಕೇಳದಿರುವುದು ಇದೇ ಕಾರಣಕ್ಕೆ. ಮುಂದೆ ವಿಪರೀತ ಹೇರಿದರೆ ಕೊಂಡಿ ಒತ್ತಿ ಮುಂಗಾಲಿ ಏಳುತ್ತದೆ.

ಟ್ರೇಲರಿಗೆ ಬ್ರೇಕ್ ಇದೆಯೇ? ಇದ್ದರೆ ಜೋಡಿಸಿದ್ದೀರಾ? ಲೆಕ್ಕ ನೋಡಿ. 8 ಟನ್ ತೂಗುವ ನಾಲ್ಕು ಗಾಲಿಯ ಟ್ರೇಲರ್, ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿ. ಟ್ರೇಲರ್ ಹಿಂದಿನಿಂದ ನೂಕುವ ಬಲವೇ ಸುಮಾರು 800 ಕಿಲೋ. 2 ಟನ್ ಗಾಡಿಯ ಹಿಂಗಾಲಿಗಳ ಮೇಲಿರುವ ತೂಕ 1300 ಕಿಲೋ ಎಂದುಕೊಳ್ಳಿ. ಮೇಲೆ ಒದ್ದೆಯಾದ ಗಟ್ಟಿ ದಾರಿ ಆ ತೂಕದ ಮೂರರಲ್ಲೊಂದು ಪಾಲು ಹಿಡಿತ ಕೊಟ್ಟರೂ ಹೆಚ್ಚು, ಅಂದರೆ ನಾನೂರು ಚಿಲ್ಲರೆ ಕಿಲೋ. ನಾನೂರು ಎಂಟುನೂರನ್ನು ತಡೆಯಲಾರದು. ಬ್ರೇಕ್ ಎಷ್ಟೇ ಬಿಗಿಯಾಗಿದ್ದರೂ ಟ್ರೇಲರ್ ಗಾಡಿಯನ್ನು ನೂಕಿ ಅಡ್ಡ ತಿರುಗಿಸುತ್ತದೆ. ಟ್ರೇಲರಿನ ಗಾಲಿಗೇ ಬ್ರೇಕ್ ಇದ್ದರೆ ಅದರದೇ 8 ಟನ್ ತೂಕ ಅದನ್ನು ಹಿಡಿಯಲು ಸಹಾಯಕ್ಕೆ ಬರುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಇರುವವರು ಇಳಿಜಾರಿನ ದಾರಿಗೆ ಹೇರು ಅರ್ಧಕ್ಕೆ ಇಳಿಸಿ, ಎರಡು ಸಲ ಹೋಗಿ. ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿ ಇಳಿಯುವುದನ್ನು ಬಿಟ್ಟುಬಿಡಿ.

ಕೊಂಡಿಯ ಪಿನ್ನಿಗೆ ಕೆಳಗೆ ಕ್ಲಿಪ್ ಹಾಕಿ. ಮೊಳೆ ಬಗ್ಗಿಸಿ ಸಿಕ್ಕಿಸುವುದು ಕ್ಲಿಪ್ ಅಲ್ಲ. ಪಿನ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಪಕ್ಕಕ್ಕೆ ಒಂದು ಸರಪಳಿಯೂ ಇರಲಿ.

ಹಂತ 5: ಈಗ ಬ್ರೇಕ್

ನಿಮ್ಮ ಗಾಡಿಯದು ಎಣ್ಣೆಯಲ್ಲಿ ಮುಳುಗಿರುವ ಬ್ರೇಕೋ, ಒಣ ಡಿಸ್ಕ್ ಬ್ರೇಕೋ ತಿಳಿದುಕೊಳ್ಳಿ. ಒಣ ಡಿಸ್ಕ್ ಇದ್ದರೆ ಕೆಸರು, ನೀರು ಒಳಗೆ ಹೋಗುತ್ತದೆ, ಆಕ್ಸಲ್ ಆಯಿಲ್ ಸೀಲ್ ಸೋರಿದರೆ ಡಿಸ್ಕಿಗೆ ಎಣ್ಣೆ ಹತ್ತಿ ಬ್ರೇಕ್ ಜಾರುತ್ತದೆ. ಗಾಲಿಯ ಒಳಬದಿಯಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡಿದ್ದರೆ ಅದೇ ಸೀಲಿನ ಸೂಚನೆ. ಆಗ ರಾಡ್ ಬಿಗಿ ಮಾಡಿ ಏನೂ ಆಗದು, ಸೀಲ್ ಬದಲಿಸಿ ಡಿಸ್ಕ್ ನೋಡಿಸಬೇಕು. ಎಣ್ಣೆ ಬ್ರೇಕ್ ಇದ್ದರೆ ಗೇರ್ ಡಬ್ಬಿಯ ಎಣ್ಣೆಯ ಮಟ್ಟ ಮತ್ತು ಬಗೆ ಸರಿ ಇರಬೇಕು. ಮ್ಯಾನುಯಲ್‌ನಲ್ಲಿ ಹೇಳಿದ ಎಣ್ಣೆ ಬಿಟ್ಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಸುರಿದರೆ ಬ್ರೇಕ್ ಒತ್ತಿದಾಗ ಕಿರುಗುಟ್ಟುತ್ತದೆ, ನಡುಗುತ್ತದೆ.

ಹೊಂದಿಸುವ ಕೆಲಸ ಶುರುಮಾಡುವ ಮೊದಲು ಎಡ ಗಾಲಿ, ಬಲ ಗಾಲಿಯ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಕ್ಕೆ ಬಿಚ್ಚಿ.

1. ಸಮತಟ್ಟು ನೆಲ, ಇಂಜಿನ್ ಬಂದ್, ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಬಿಡಿ. ಮುಂದಿನ ಎರಡೂ ಗಾಲಿಗಳಿಗೆ ಹಿಂದೆ-ಮುಂದೆ ಬೆಣೆ.
2. ಒಂದೊಂದು ಪೆಡಲನ್ನೂ ಕೈಯಿಂದ ಒತ್ತಿ, ಗಟ್ಟಿ ತಾಗುವ ತನಕ ಎಷ್ಟು ಸಡಿಲ ಇದೆ ಎಂದು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಬೇಕಾದ ಅಳತೆ ಮ್ಯಾನುಯಲ್‌ನಲ್ಲಿರುತ್ತದೆ.
3. ಹಿಂದಿನ ಎರಡೂ ಗಾಲಿಗಳನ್ನು ಎತ್ತಿ ಆಕ್ಸಲ್ ಕೆಳಗೆ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ.
4. ರಾಡಿನ ಲಾಕ್ ನಟ್ ಸಡಿಲಿಸಿ. ಅರ್ಧರ್ಧ ಸುತ್ತು ತಿರುಗಿಸುತ್ತಾ ಪ್ರತಿ ಸಲವೂ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಗಾಲಿ ಉಜ್ಜಲು ಶುರುವಾದ ಕೂಡಲೇ ಹಿಂದಕ್ಕೆ ತಿರುಗಿಸಿ ಸಲೀಸಾಗಿ ಬಿಡುವಂತೆ ಮಾಡಿ.
5. ಎರಡೂ ಪೆಡಲಿನ ಸಡಿಲ ಒಂದೇ ಸಮ ಬಂದ ಮೇಲೆ ಲಾಕ್ ನಟ್ ಬಿಗಿಯಿರಿ. ಪೆಡಲು ಬಿಟ್ಟಾಗ ಸ್ಪ್ರಿಂಗ್ ಪೂರ್ತಿ ಮೇಲೆ ಎಳೆಯುತ್ತದೆಯೇ ನೋಡಿ. ತುಕ್ಕು ಹಿಡಿದ ಕೀಲುಗಳಿಗೆ ಗ್ರೀಸ್ ಹಾಕಿ.

ಆಮೇಲೆ ಬಯಲಿನಲ್ಲಿ ಪರೀಕ್ಷೆ. ಜನ, ದನ ಇಲ್ಲದ ಸಮತಟ್ಟು ಮುರುಂ ನೆಲ ಆರಿಸಿ. ಪೆಡಲಿನ ಕೊಕ್ಕೆ ಹಾಕಿ. ಬರಿಯ ಗಾಡಿಯನ್ನು ನಿಧಾನವಾಗಿ, ನಡೆಯುವವನ ವೇಗಕ್ಕಿಂತ ಸ್ವಲ್ಪ ಜೋರಾಗಿ ಓಡಿಸಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ. ಇಳಿದು ಹಿಂಗಾಲಿಗಳ ಗೆರೆ ನೋಡಿ. ಎರಡೂ ಗೆರೆ ಒಂದೇ ಕಡೆ ಶುರುವಾಗಿ ಒಂದೇ ಉದ್ದ ಇದ್ದರೆ ಸರಿ. ಬಲಗಡೆ ಉದ್ದ ಇದ್ದು ಗಾಡಿ ಬಲಕ್ಕೆ ಎಳೆದರೆ ಬಲಗಡೆಯದು ಮೊದಲು ಹಿಡಿಯುತ್ತಿದೆ. ಅದನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ನಂತರ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಎರಡೂ ಬ್ರೇಕ್ ಡಬ್ಬಿಗಳ ಹತ್ತಿರ ಕೈ ತಂದು ಶಾಖ ನೋಡಿ. ಒಂದು ಕಡೆ ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಬಿಡದೆ ಉಜ್ಜುತ್ತಿದೆ.

ಹೊಲದ ತುದಿಯಲ್ಲಿ ಒಂದೇ ಪೆಡಲು ಒತ್ತಿ ಗಿರಕ್ಕನೆ ತಿರುಗಿಸುವ ಅಭ್ಯಾಸ ಎಲ್ಲರಿಗೂ ಇದೆ. ನಿಧಾನ ಗೇರಿನಲ್ಲಿ ಅದು ಸರಿಯೇ. ಹೊಲ ಬಿಟ್ಟು ದಾರಿಗೆ ಬರುವ ಮೊದಲು ಕೊಕ್ಕೆ ಹಾಕಲೇಬೇಕು. ವೇಗದಲ್ಲಿ ಒಂದೇ ಗಾಲಿ ಹಿಡಿದರೆ ಗಾಡಿ ಪಲ್ಟಿ.

ಹಂತ 6: ಇಳಿಜಾರಿನಲ್ಲಿ ಓಡಿಸುವ ಕ್ರಮ

ಇಳಿಯುವ ಮೊದಲೇ, ಮೇಲೆ ನಿಂತು ಗೇರ್ ಆರಿಸಿ. ಅದೇ ಏರನ್ನು ಅದೇ ಹೇರಿನೊಂದಿಗೆ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಇಲ್ಲವೇ ಅದಕ್ಕಿಂತ ಒಂದು ಕೆಳಗಿನದು. ನಡುವೆ ಗೇರ್ ಬದಲಿಸಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವುದನ್ನು ಹಿರಿಯ ಡ್ರೈವರುಗಳೂ ಮಾಡುತ್ತಾರೆ. ಇಂಜಿನ್ನಿನ ತಡೆ ಹೋಯಿತೆಂದರೆ ಎಲ್ಲ ಭಾರವೂ ಬ್ರೇಕಿನ ಮೇಲೆ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಕ್ಲಚ್ ಒತ್ತಿದರೂ ನ್ಯೂಟ್ರಲ್ ಆದಂತೆಯೇ. ಹೆದರಿದ ಕಾಲು ಬ್ರೇಕ್, ಕ್ಲಚ್ ಎರಡನ್ನೂ ಒಟ್ಟಿಗೆ ಒತ್ತುತ್ತದೆ, ಇದನ್ನು ಬಿಡಿಸಲು ಅಭ್ಯಾಸ ಬೇಕು. ಮೊದಲು ಬ್ರೇಕ್, ಗಾಡಿ ನಿಲ್ಲುವ ಹೊತ್ತಿಗೆ ಮಾತ್ರ ಕ್ಲಚ್.

ಗಾಲಿ ಕಟ್ಟಿಕೊಂಡು ಜಾರಲು ಶುರುವಾದರೆ ಬ್ರೇಕನ್ನು ಇನ್ನಷ್ಟು ಒತ್ತಬೇಡಿ, ಸ್ವಲ್ಪ ಬಿಡಿ. ಗಾಲಿ ಉರುಳುತ್ತಿದ್ದರೆ ಮಾತ್ರ ಗಾಡಿ ಸ್ಟೇರಿಂಗ್ ಮಾತು ಕೇಳುತ್ತದೆ. ಬ್ರೇಕ್ ಒತ್ತದೆಯೇ, ಬರೀ ಗೇರಿನ ತಡೆಗೇ ಗಾಲಿ ಜಾರುತ್ತಿದ್ದರೆ ಸ್ವಲ್ಪವೇ ಎಕ್ಸಿಲೇಟರ್ ಕೊಟ್ಟು ಗಾಲಿಯ ತಿರುಗುವಿಕೆಯನ್ನು ನೆಲದ ವೇಗಕ್ಕೆ ತನ್ನಿ. ಇದು ಕೈಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಹಿಡಿತ ಮರಳಿ ಸಿಗುವುದು ಹಾಗೆಯೇ. ಫೋರ್ ವೀಲ್ ಡ್ರೈವ್ ಗಾಡಿ ಇದ್ದವರು ಇಳಿಯುವ ಮೊದಲು ಮುಂದಿನ ಆಕ್ಸಲ್ ಕೂಡಿಸಿಕೊಳ್ಳಿ, ಆಗ ಹಿಂದಿನ ಬ್ರೇಕಿನ ತಡೆ ಮುಂಗಾಲಿಗಳಿಗೂ ತಲುಪುತ್ತದೆ. ಗಟ್ಟಿ ಒಣ ರಸ್ತೆಗೆ ಬಂದ ಮೇಲೆ ಬಿಡಿಸಿ.

ಡಿಫರೆನ್ಷಿಯಲ್ ಲಾಕ್ ಇರುವುದು ಒಂದು ಗಾಲಿ ಗಿರಗಿರ ಸುತ್ತುವಾಗ ಎರಡನ್ನೂ ಒಟ್ಟಿಗೆ ಎಳೆಸಲು. ಗಾಲಿ ಸುತ್ತುತ್ತಿರುವಾಗಲೇ ಜಾಡಿಸಿ ಒತ್ತಿದರೆ ಒಳಗಿನ ಹಲ್ಲು ಮುರಿಯುತ್ತದೆ. ಗಾಲಿ ನಿಲ್ಲಿಸಿ, ಒತ್ತಿ, ನೇರವಾಗಿ ಮುಂದೆ ಹೋಗಿ. ತಿರುಗುವ ಮೊದಲು ಬಿಡಿ. ಇಳಿಜಾರು ಇಳಿಯುವಾಗ, ರಸ್ತೆಯಲ್ಲಿ, ಮುಟ್ಟಲೇಬೇಡಿ.

ಹಂತ 7: ಒಡ್ಡು, ಹಳ್ಳ, ಬಾವಿ ದಂಡೆ

ಒಡ್ಡು ದಾಟುವಾಗ ನೇರವಾಗಿ ದಾಟಿ. ಓರೆಯಾಗಿ ಹತ್ತಿದರೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಹಿಂದೆ ರೊಟಾವೇಟರ್ ಹೊತ್ತಿದ್ದರೆ ಅದನ್ನು ನೆಲಕ್ಕೆ ತಾಗದಷ್ಟೇ ತಗ್ಗಿನಲ್ಲಿ ಇಡಿ. ಕಡಿದಾದ ಒಡ್ಡಿಗೆ ಮುಂಗಾಲಿಯಿಂದ ಹತ್ತುವುದಕ್ಕಿಂತ ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಹತ್ತುವುದು ಸುರಕ್ಷಿತ, ಭಾರದ ಭಾಗ ಮೇಲ್ಗಡೆ ಇರುತ್ತದೆ. ಎಲ್ಲಕ್ಕೂ ಒಳ್ಳೆಯದು ಒಡ್ಡನ್ನು ಒಂದು ಕಡೆ ಕಡಿದು ಮುರುಂ ತುಂಬಿ ಸಾವಕಾಶದ ದಾರಿ ಮಾಡಿಕೊಳ್ಳುವುದು. ಶಹಾಬಾದ್, ಚಿತ್ತಾಪುರ ಕಡೆಯವರು ಗಣಿಯ ಫರಸಿ ಚೂರು ಹಾಕುತ್ತಾರೆ. ಚಪ್ಪಟೆ ಹಾಸಿದರೆ ಮಳೆಯಲ್ಲಿ ಜಾರುತ್ತದೆ, ಒಡೆದು ಮುರುಮಿನ ಜೊತೆ ಕಲಸಿ ಹಾಕಿ.

ಹಳ್ಳ, ಕೃಷಿ ಹೊಂಡ, ತೆರೆದ ಬಾವಿ ಇವುಗಳ ದಂಡೆಯಿಂದ ಎಷ್ಟು ದೂರ ಇರಬೇಕು? ಎಷ್ಟು ಆಳವೋ ಕನಿಷ್ಠ ಅಷ್ಟು ದೂರ. 10 ಅಡಿ ಆಳದ ಹೊಂಡ ಇದ್ದರೆ 10 ಅಡಿ ಒಳಗೆ ಗಾಲಿ ಬರಬಾರದು. ಬಿರುಕು ಬಿಟ್ಟ ಎರೆ ದಂಡೆಗೆ, ಮಳೆ ನೆನೆದ ದಂಡೆಗೆ ಇನ್ನೂ ಹೆಚ್ಚು ಬಿಡಿ. ಗಾಡಿಯ ಭಾರಕ್ಕೆ ದಂಡೆ ಪದರವಾಗಿ ಕುಸಿಯುತ್ತದೆ.

ಓರೆ ಹೊಲದಲ್ಲಿ ಪದೇಪದೇ ಕೆಲಸ ಇದ್ದರೆ ಹಿಂಗಾಲಿಗಳ ನಡುವಿನ ಅಗಲ ಹೆಚ್ಚಿಸಿ ಹಾಕಿಸಿ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಸರ್ವಥಾ ಬೇಡ. ರೋಲ್ ಬಾರ್ (ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು) ಇರುವ ಗಾಡಿಯಲ್ಲಿ ಬೆಲ್ಟ್ ಹಾಕಿಕೊಳ್ಳಿ.

ಗಾಡಿ ಹೂತುಕೊಂಡರೆ

ಗಾಲಿ ಸುತ್ತಿದ ಕೂಡಲೇ ನಿಲ್ಲಿಸಿ. ಎಕ್ಸಿಲೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಟ್ರೇಲರ್ ಬಿಚ್ಚಿ. ಗಾಲಿಯ ಹಿಂದೆ ಮಣ್ಣು ಸರಿಸಿ ಮುರುಂ ಹಾಕಿ, ಡಿಫರೆನ್ಷಿಯಲ್ ಲಾಕ್ ಒತ್ತಿ, ಬಂದ ಜಾಡಿನಲ್ಲೇ ರಿವರ್ಸ್ ತೆಗೆಯಲು ನೋಡಿ.

ಗಾಲಿಗೆ ಅಡ್ಡಲಾಗಿ ಮರದ ತುಂಡು ಸರಪಳಿಯಿಂದ ಕಟ್ಟಿ ಮುಂದಕ್ಕೆ ಎತ್ತಿಸುವ ಉಪಾಯ ಊರೂರಲ್ಲೂ ಇದೆ. ಅದನ್ನು ಯಾರು ಹೇಳಿದರೂ ಮಾಡಬೇಡಿ. ಗಾಲಿ ತಿರುಗಲು ಆಗದೆ ನಿಂತರೆ ಇಂಜಿನ್ನಿನ ಬಲ ಗಾಡಿಯ ಮೂತಿಯನ್ನೇ ಎತ್ತಿ ಡ್ರೈವರ್ ಮೇಲೆ ಕೆಡವುತ್ತದೆ. ಬೇರೆ ಗಾಡಿಯಿಂದ ಎಳೆಸುವುದಾದರೆ ಎರಡೂ ಕಡೆ ಕೆಳಗಿನ ಕೊಂಡಿಗೇ ಕಟ್ಟಿ, ಜಗ್ಗದೆ ಸಾವಕಾಶ ಎಳೆಯಿರಿ. ಹಗ್ಗದ ಉದ್ದಕ್ಕಿಂತ ದೂರ ಎಲ್ಲರನ್ನೂ ನಿಲ್ಲಿಸಿ, ಹರಿದ ಹಗ್ಗ ಕಾಲು ಮುರಿಯುತ್ತದೆ.

ಕೆಲಸ ಅಲ್ಲಿಗೇ ನಿಲ್ಲಿಸಬೇಕಾದ ಸೂಚನೆಗಳು

ಪೆಡಲು ನಿನ್ನೆಗಿಂತ ಕೆಳಗೆ ಹೋಗುವುದು. ಬ್ರೇಕ್ ಕಡೆಯಿಂದ ಸುಟ್ಟ ವಾಸನೆ. ಏರಿನಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುವುದು. ಕಬ್ಬಿಣಕ್ಕೆ ಕಬ್ಬಿಣ ತೀಡುವ ಸದ್ದು. ಕೊಂಡಿಯ ಬೆಸುಗೆಯ ಹತ್ತಿರ ಕೂದಲೆಳೆಯ ಬಿರುಕು. ಬ್ರೇಕ್ ಒತ್ತಿದಾಗ ಟ್ರೇಲರ್ ಹಿಂದಿನಿಂದ ಗುದ್ದುವುದು. ಇವುಗಳಲ್ಲಿ ಒಂದು ಕಂಡರೂ ಹೇರು ಇಳಿಸಿ, ಬರಿ ಗಾಡಿಯನ್ನು ಕೆಳಗಿನ ಗೇರಿನಲ್ಲಿ ತಂದು ತೋರಿಸಿ. ಬ್ರೇಕ್ ಡಬ್ಬಿ ಬಿಚ್ಚುವುದು, ಸೀಲ್ ಬದಲಿಸುವುದು, ಕೊಂಡಿ ಬೆಸುಗೆ ಹಾಕುವುದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಗಾಡಿ ನಿಲ್ಲಿಸುವಾಗ

ಇಳಿಜಾರಿನಲ್ಲಿ ಪಾರ್ಕಿಂಗ್ ಬ್ರೇಕ್ ಒಂದನ್ನೇ ನಂಬಬೇಡಿ. ಉಪಕರಣ ನೆಲಕ್ಕಿಳಿಸಿ, ಇಂಜಿನ್ ಬಂದ್ ಮಾಡಿ, ಕೆಳಗಿನ ಗೇರಿನಲ್ಲಿ ಬಿಟ್ಟು, ತಗ್ಗಿನ ಕಡೆಯಿಂದ ಗಾಲಿಗೆ ಬೆಣೆ ಕೊಡಿ. ಟ್ರೇಲರಿಗೂ ಬೇರೆಯೇ ಬೆಣೆ ಬೇಕು. ಹೊಲದಿಂದ ಡಾಂಬರು ರಸ್ತೆಗೆ ಹತ್ತುವ ಮೊದಲು ಟೈರಿನ ಮಣ್ಣು ಕೆರೆದು ತೆಗೆಯಿರಿ. ಆ ಮಣ್ಣು ನಿಮ್ಮ ಬ್ರೇಕನ್ನು ಕೆಡಿಸುವುದಲ್ಲದೆ ರಸ್ತೆಗೆ ಬಿದ್ದು ಹಿಂದೆ ಬರುವ ಬೈಕಿನವರನ್ನು ಜಾರಿಸುತ್ತದೆ.

ಗಾಲಿ ಬಿಚ್ಚಿ ಹಾಕಿದ್ದರೆ, ತೂಕದ ಫಲಕ ಕೂಡಿಸಿದ್ದರೆ, ಮೊದಲ ದಿನದ ಕೆಲಸ ಮುಗಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಪಾನಾ ಹಾಕಿ ಬಿಗಿಯಿರಿ. ಹೊಸದಾಗಿ ಕೂತ ನಟ್ಟು ಕುಲುಕಾಟಕ್ಕೆ ಒಂದಿಷ್ಟಾದರೂ ಸಡಿಲವಾಗಿರುತ್ತದೆ. ಬ್ರೇಕ್ ರಾಡಿನ ಲಾಕ್ ನಟ್ ಕೂಡ ಅದೇ ದಿನ ನೋಡಿ.